ಕಣದಲ್ಲಿ ಕಳೆದ ಒಂದು ಇರುಳು

ಬಯಲಿನಲ್ಲಿ ನಕ್ಷತ್ರಗಳನ್ನು ನೋಡುತ್ತ ಮಲಗಬೇಕೆಂಬ ಆಸೆ ಮಕ್ಕಳಿಗೆ ಸಹಜವಾದುದು. ಅದನ್ನು ಪೂರೈಸಲೆಳಸುವ ಗೃಹಸ್ಥರಿಗೆ ನನ್ನ ಅನುಭವವು ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಕಳೆದ ಪುಷ್ಯಮಾಸದಲ್ಲಿ ನಾನು ಮಂಡ್ಯದಿಂದ ಮಳವಳ್ಳಿಯ ಕಡೆಯ ನಮ್ಮ ಹಳ್ಳಿಗೆ ಹೋಗಿದ್ದೆನು. ಭತ್ತದ ರಾಶಿಯು ಕಣದಲ್ಲಿತ್ತು. ಅದನ್ನು ಕಾಯುವ ತಾತನೊಡನೆ ತಾನೂ ಮಲಗುವೆನೆಂದು ಹತ್ತು ವರ್ಷದ ನನ್ನ ಮಗಳು ಹಟ ಹಿಡಿದಳು. ಇದಕ್ಕೆಂದೇ ನಾನು ಪೇಟೆಯಿಂದ ಒಂದು ಸ್ಲೀಪಿಂಗ್ ಬ್ಯಾಗನ್ನು ತಂದಿದ್ದೆನು. ಅದರ ತೂಕ ಒಂದು ಕಿಲೋವಿಗೂ ಕಡಿಮೆ. ತಂದೆಯವರು ತಮ್ಮ ಕರಿಯ ಕಂಬಳಿಯನ್ನು ನೀಡಲು ಬಂದಾಗ, ಅದು ಚುಚ್ಚುತ್ತದೆ, ಭಾರ ಬೇರೆ ಎಂದು ನಾನು ಬೇಡವೆಂದೆನು.

ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣಮಾನವು ಸಾಮಾನ್ಯವಾಗಿ 15 ಡಿಗ್ರಿಗಳ ಆಸುಪಾಸಿಗೆ ಇಳಿಯುತ್ತದೆ, ಅಷ್ಟೆ. ಆದರೂ ನಡುರಾತ್ರಿಯ ವೇಳೆಗೆ ಮಗಳ ಹಲ್ಲು ಕಟಕಟಿಸತೊಡಗಿತು. ನಾನು ಅವಳ ಮೇಲೆ ಬಟ್ಟೆಯ ಮೇಲೆ ಬಟ್ಟೆ ಹೊದಿಸಿದೆನು, ನಡುಕ ನಿಲ್ಲಲಿಲ್ಲ. ತಂದೆಯವರು ಎದ್ದು ಬಂದರು.

"ಮೇಲೆ ಎಷ್ಟು ಹೊದಿಸಿದ್ರೇನಪ್ಪ, ಚಳಿ ನೆಲದಿಂದ ಹತ್ತದೆ" ಎಂದು, ಗೇಣು ದಪ್ಪಕ್ಕೆ ಒಣಹುಲ್ಲನ್ನು ಹಾಸಿ, ಅದರ ಮೇಲೆ ಗೋಣಿತಟ್ಟು ಹರಡಿ, ಮಗುವನ್ನು ಮಲಗಿಸಿ, ತಮ್ಮ ಕಂಬಳಿಯನ್ನು ಹೊದಿಸಿದರು. ಸ್ವಲ್ಪ ಹೊತ್ತಿಗೆಲ್ಲ ಅವಳಿಗೆ ನಿದ್ರೆ ಬಂತು. ನಾನೂ ರಗ್ಗು ಹೊದ್ದು ಮಲಗಿಬಿಟ್ಟೆನು.

ಬೆಳಗಿನ ಜಾವ ಕೆಮ್ಮಿನ ಸದ್ದಿಗೆ ಎಚ್ಚರವಾಯಿತು. ಎಪ್ಪತ್ತೈದು ದಾಟಿದ ತಂದೆಯವರು ತಲೆಗೆ ಟವೆಲು ಸುತ್ತಿಕೊಂಡು ಕೆಂಡದ ಮುಂದೆ ಕುಳಿತಿದ್ದರು. ಅವರಿಗಿದ್ದುದು ಅದೊಂದೇ ಕಂಬಳಿ. ನೀವು ಏನು ಹೊದೆಯುವಿರಿ ಎಂದು ರಾತ್ರಿ ನಾನು ಕೇಳಿರಲೂ ಇಲ್ಲ.

ವಿಚಾರ ಮಾಡಿದರೆ ಸಂಗತಿ ಸರಳವಾದುದು. ಹೊದಿಕೆಯು ಶಾಖವನ್ನು ಹುಟ್ಟಿಸುವುದಿಲ್ಲ. ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ ಮೈಶಾಖವನ್ನು ಕಾಯುತ್ತದೆ. ಚೀಲದ ಕೆಳಭಾಗದ ತುಂಬುಹತ್ತಿಯು ಮೈಭಾರಕ್ಕೆ ಅಮರಿದರೆ ಗಾಳಿಯು ಹೊರಟುಹೋಗಿ, ನೆಲವು ಶಾಖವನ್ನು ಹೀರುತ್ತದೆ. ಹುಲ್ಲಿನ ಟೊಳ್ಳು ಕಡ್ಡಿಗಳು ಅಷ್ಟು ಸುಲಭವಾಗಿ ಅಮರವು. ಉಣ್ಣೆಯಾದರೋ ಇಬ್ಬನಿಯಲ್ಲಿ ನೆನೆದರೂ ಸ್ವಲ್ಪ ಬೆಚ್ಚಗಿರುತ್ತದೆ. ಹತ್ತಿಬಟ್ಟೆ ನೆನೆದರೆ ತಣ್ಣಗಾಗುತ್ತದೆ. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಂಪೆನಿಗೆ ಕಬ್ಬು ಹೊಡೆಯುತ್ತಿದ್ದ ಗಾಡಿಯವರು ಸರದಿ ಕಾಯುತ್ತ ಗಾಡಿಯ ಕೆಳಗೆ ಮಲಗುತ್ತಿದ್ದುದನ್ನು ನಾನು ಬಾಲ್ಯದಲ್ಲಿ ನೋಡಿದ್ದೆನು. ಕೆಳಗೆ ಕಬ್ಬಿನ ತರಗು, ಮೇಲೆ ಕಂಬಳಿ. ನೋಡಿದ್ದರೂ ಕಲಿತಿರಲಿಲ್ಲ.

ಆದುದರಿಂದ ಹೊದಿಕೆಯನ್ನು ಹಗುರವಾದುದನ್ನೇ ಆರಿಸಬಹುದು. ಆದರೆ ಮೊದಲು ಹಾಸಿಗೆಯ ಚಿಂತೆ ಮಾಡತಕ್ಕದ್ದು. ಮಲಗುವ ಮುನ್ನ ಒಣಗಿದ ಉಡುಪು ತೊಡಬೇಕು. ತಲೆಗೆ ಬಟ್ಟೆ ಕಟ್ಟಬೇಕು. ಮುಸುಕೆಳೆದು ಉಸಿರಿನ ತೇವದಿಂದ ಹೊದಿಕೆಯನ್ನು ನೆನೆಸಬಾರದು.

ಮರುದಿನ ಮದ್ದೂರಿಗೆ ಹೋಗಿ ಇನ್ನೊಂದು ಕಂಬಳಿ ಕೊಂಡು ತಂದೆನು. ಮಗಳು ಅದನ್ನು ತಾನೇ ಬಿಡಿಸಿ ತಾತನಿಗೆ ಹೊದಿಸಿದಳು. ಆ ರಾತ್ರಿಯೂ ಚಳಿ ಅಷ್ಟೇ ಇತ್ತು. ಆದರೆ ಕುಳಿತು ಬೆಳಗು ಮಾಡುವ ಕಷ್ಟ ಯಾರಿಗೂ ಬರಲಿಲ್ಲ.