ಕೂತವನಿಗೆ ಜೀವ ಕೊಡುವವರು

ಪ್ರೊ ಕಬಡ್ಡಿಯ ಹರಾಜು ಹತ್ತಿರ ಬಂತೆಂದರೆ ನನಗೆ ಹಬ್ಬ. ಡೊಂಬಿವಲಿಯಲ್ಲಿ ಹತ್ತಿದ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕರೆ ಪುಟ್ಟ ನೋಟ್‌ಬುಕ್ ತೆಗೆಯುತ್ತೇನೆ. ಸಿಗದಿದ್ದರೆ ಸರಳು ಹಿಡಿದು ನಿಂತೇ ಮನಸ್ಸಿನಲ್ಲಿ ಬರೆದುಕೊಳ್ಳುತ್ತೇನೆ. ಏಳು ಹೆಸರು. ಎಡ ಮೂಲೆಗೊಬ್ಬ, ಬಲ ಮೂಲೆಗೊಬ್ಬ, ಅವರ ಪಕ್ಕ ಕವರ್‌ಗೆ ಇಬ್ಬರು, ಉಳಿದ ಮೂವರು ಎದುರಾಳಿಯ ಅಂಗಣಕ್ಕೆ ನುಗ್ಗುವ ರೈಡರ್‌ಗಳು. ಹಣದ ಮಿತಿ ಮೀರದಂತೆ ಒಬ್ಬನನ್ನು ಸೇರಿಸಿ, ಇನ್ನೊಬ್ಬನನ್ನು ಬಿಟ್ಟು, ಥಾಣೆ ದಾಟಿ ಘಾಟ್ಕೋಪರ್ ಬರುವಷ್ಟರಲ್ಲಿ ಒಂದು ತಂಡ ಕಟ್ಟುತ್ತೇನೆ. ದಾದರ್‌ನಲ್ಲಿ ಇಳಿಯುವ ಮುಂಚೆ ಅದನ್ನು ಕೆಡವಿ ಇನ್ನೊಂದಕ್ಕೆ ಕೈಹಾಕಿರುತ್ತೇನೆ. ಚಾಂಪಿಯನ್ ತಂಡ ಹೇಗೆ ಹುಟ್ಟುತ್ತದೆ ಎಂದು ಯೋಚಿಸುವುದು ನನಗೆ ಪಂದ್ಯ ನೋಡುವಷ್ಟೇ ಪ್ರಿಯ.

ಈ ರುಚಿ ಹತ್ತಿದ್ದು ಮಣ್ಣಿನ ಅಂಗಣದಲ್ಲಿ. ಚಳಿಗಾಲ ಕಾಲಿಟ್ಟರೆ ಥಾಣೆ, ಕಲ್ಯಾಣ್ ಕಡೆಯ ಕ್ರೀಡಾ ಮಂಡಳಗಳು ಕೆಂಪು ಮಣ್ಣು ಹಾಸಿ, ಸುಣ್ಣದ ಗೆರೆ ಎಳೆದು, ಹೊನಲು ಬೆಳಕಿನಲ್ಲಿ ಪಂದ್ಯ ಆಡಿಸುತ್ತವೆ. ಮರಾಠಿ ಗೆಳೆಯರು ‘ಪಕಡ್, ಪಕಡ್’ ಎಂದು ಕೂಗುವಾಗ ಪಕ್ಕದಲ್ಲಿ ತುಳು, ಕನ್ನಡಗಳೂ ಕೇಳಿಸುತ್ತವೆ. ಯು ಮುಂಬಾ ತಂಡದಲ್ಲಿ ರಿಷಾಂಕ್ ದೇವಾಡಿಗ ಆಡುತ್ತಿದ್ದಾಗ ಆ ಹೆಸರು ಕೇಳಿಯೇ ನಮ್ಮ ಕರಾವಳಿಯ ಮನೆಗಳು ಅರ್ಧ ಗೆದ್ದಷ್ಟು ಹಿಗ್ಗುತ್ತಿದ್ದವು. ಈ ಅಂಗಣಗಳಲ್ಲಿ ಹಿರಿಯರ ಪಕ್ಕ ಕೂರಬೇಕು. ಹುಡುಗರೆಲ್ಲ ರೈಡರ್‌ನ ಜಿಗಿತ ನೋಡುತ್ತಿರುವಾಗ ಅವರ ಕಣ್ಣು ಮೂಲೆಯಲ್ಲಿ ಬಗ್ಗಿ ನಿಂತವನ ಪಾದದ ಮೇಲಿರುತ್ತದೆ. ಅವನು ಅರ್ಧ ಹೆಜ್ಜೆ ಮುಂಚೆ ಹೋದನೇ, ಕಾದನೇ? ಕವರ್‌ನವನು ಅವನ ಹಿಂದೆಯೇ ಬಂದನೇ? ಆಟ ಓದುವುದನ್ನು ನಾನು ಕಲಿತದ್ದು ಅವರಿಂದ.

ಕಬಡ್ಡಿಯ ಒಂದು ನಿಯಮ ನನಗೆ ಬಹಳ ಇಷ್ಟ. ಎಂಥ ಶೂರ ರೈಡರ್ ಆದರೂ ಸಿಕ್ಕಿಬಿದ್ದರೆ ಹೊರಗೆ ಹೋಗಿ ಕೂರಬೇಕು. ತಾನಾಗಿ ಒಳಗೆ ಬರುವಂತಿಲ್ಲ. ಅಂಗಣದಲ್ಲಿ ಉಳಿದವರು ಎದುರಾಳಿಯನ್ನು ಮುಟ್ಟಬೇಕು ಇಲ್ಲವೇ ಹಿಡಿಯಬೇಕು. ಆಗ ಇವನಿಗೆ ಜೀವ ಬರುತ್ತದೆ. ಬೋನಸ್ ಅಂಕದಿಂದಲೂ ಯಾರೂ ಏಳುವುದಿಲ್ಲ. ಹೀಗಾಗಿ ತಂಡ ಕಟ್ಟುವವನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಒಂದೇ: ನನ್ನ ತಾರೆ ಹೊರಗೆ ಕೂತಾಗ ಅವನನ್ನು ಒಳಗೆ ಕರೆತರುವವರು ಯಾರು?

2015ರ ಆಗಸ್ಟಿನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಯು ಮುಂಬಾ 36–30ರಿಂದ ಬೆಂಗಳೂರು ಬುಲ್ಸ್ ತಂಡವನ್ನು ಸೋಲಿಸಿ ಪ್ರೊ ಕಬಡ್ಡಿ ಕಪ್ ಗೆದ್ದಿತು. ಮುಂಬಯಿ ಕನ್ನಡಿಗನಿಗೆ ಯಾರ ಕಡೆ ಕೂಗಬೇಕೆಂದು ತಿಳಿಯದ ಫೈನಲ್ ಅದು. ಆ ಯು ಮುಂಬಾದ ನಾಯಕ ಅನೂಪ್ ಕುಮಾರ್ ಅವಸರವನ್ನೇ ಅರಿಯದ ರೈಡರ್. ಅವರಿಗೆ ಆ ನಿರಾಳ ಸಾಧ್ಯವಾದದ್ದು ಹಿಂದೆ ಸುರೇಂದರ್ ನಾಡಾ, ಮೋಹಿತ್ ಛಿಲ್ಲರ್ ಮೂಲೆ ಕಾಯುತ್ತಿದ್ದುದರಿಂದ. ವಿಶಾಲ್ ಮಾನೆ, ಜೀವ ಕುಮಾರ್ ಕವರ್‌ನಲ್ಲಿದ್ದುದರಿಂದ. ನಾಯಕ ಹೊರಗೆ ಕೂತರೂ ಬೇಗ ಒಳಗೆ ಬರುತ್ತಾನೆಂಬ ಭರವಸೆಯ ಮೇಲೆ ಆ ತಂಡ ನಿಂತಿತ್ತು.

ಅದೇ ವರ್ಷ ಬುಲ್ಸ್ ತಂಡದಲ್ಲಿ ಪರದೀಪ್ ನರ್ವಾಲ್ ಎಂಬ ಹುಡುಗನಿದ್ದ. ಮುಂದಿನ ಸೀಸನ್‌ಗೆ ಅವನು ಪಟ್ನಾ ಪಾಲಾದ. ಪಟ್ನಾ ಸತತ ಮೂರು ಬಾರಿ ಕಪ್ ಎತ್ತಿತು. ಕೈಯಲ್ಲಿರುವ ಪ್ರತಿಭೆ ಹಣ್ಣಾಗುವ ತನಕ ಕಾಯುವುದು ಎಷ್ಟು ಕಷ್ಟ! ಪವನ್ ಸೆಹ್ರಾವತ್ ಕೂಡ ಬುಲ್ಸ್ ಬಿಟ್ಟು ಗುಜರಾತಿಗೆ ಹೋದವರು. ಆದರೆ ಬುಲ್ಸ್ ಅವರನ್ನು ಮರಳಿ ಕರೆಸಿಕೊಂಡಿತು. 2019ರ ಜನವರಿ 5ರಂದು, ಅದೇ ವರ್ಲಿಯ ಡೋಮ್‌ನಲ್ಲಿ, ಅದೇ ಗುಜರಾತ್ ವಿರುದ್ಧ ಪವನ್ 22 ಅಂಕ ಗಳಿಸಿದರು. ಬೆಂಗಳೂರು 38–33ರಿಂದ ಮೊದಲ ಕಪ್ ಗೆದ್ದಿತು. ನಾಯಕ ರೋಹಿತ್ ಕುಮಾರ್ ಸ್ವತಃ ದೊಡ್ಡ ರೈಡರ್. ಆ ಸೀಸನ್‌ನಲ್ಲಿ ಕಿರಿಯನೊಬ್ಬ ತಮಗಿಂತ ಎತ್ತರಕ್ಕೆ ಬೆಳೆಯಲು ಅವರು ದಾರಿ ಬಿಟ್ಟರು. ಆ ದೊಡ್ಡತನಕ್ಕೆ ಅಂಕಪಟ್ಟಿಯಲ್ಲಿ ಸಾಲಿಲ್ಲ. ಅದಿಲ್ಲದೆ ಕಪ್ಪೂ ಇಲ್ಲ.

ಅದೇ ವರ್ಷದ ಅಕ್ಟೋಬರ್ 4 ಮತ್ತು 5ರಂದು ಆ ಡೋಮ್‌ನೊಳಗೆ ಬ್ಯಾಸ್ಕೆಟ್‌ಬಾಲ್ ಅಂಕಣ ಸಿದ್ಧವಾಗಿತ್ತು. ಅಮೆರಿಕದ ಎನ್‌ಬಿಎ ತಂಡಗಳಾದ ಇಂಡಿಯಾನಾ ಪೇಸರ್ಸ್, ಸ್ಯಾಕ್ರಮೆಂಟೊ ಕಿಂಗ್ಸ್ ಭಾರತದಲ್ಲಿ ಮೊದಲ ಬಾರಿಗೆ ಆಡಿದವು. ಆ ಆಟದಲ್ಲಿ ಅಂಗಣದಲ್ಲಿರುವುದು ಐವರೇ. ತಂಡ ಕಟ್ಟುವ ಗಣಿತ ಮಾತ್ರ ನಮ್ಮದೇ. 2004ರಲ್ಲಿ ಲೇಕರ್ಸ್ ತಂಡದಲ್ಲಿ ಶಕೀಲ್ ಓನೀಲ್, ಕೋಬಿ ಬ್ರಯಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್ ಒಟ್ಟಿಗಿದ್ದರು. ಅವರನ್ನು ಫೈನಲ್ಸ್‌ನಲ್ಲಿ 4–1ರಿಂದ ಮಣಿಸಿದ್ದು ಡೆಟ್ರಾಯಿಟ್ ಪಿಸ್ಟನ್ಸ್. ಅದರ ರಕ್ಷಣೆಯ ಬೆನ್ನೆಲುಬಾದ ಬೆನ್ ವಾಲೆಸ್, ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟಿನಲ್ಲಿ ಯಾರೂ ಆರಿಸದ ಆಟಗಾರ. ಚಾನ್ಸಿ ಬಿಲ್ಲಪ್ಸ್ ಹಲವು ತಂಡಗಳು ಕೈಬಿಟ್ಟವರು. ಪಿಸ್ಟನ್ಸ್ ಕಟ್ಟಿದವರು ಹೆಸರಿಗೆ ಹಣ ಸುರಿಯಲಿಲ್ಲ, ಜಾಗಕ್ಕೆ ತಕ್ಕವರನ್ನು ಹುಡುಕಿದರು.

ವರ್ಲಿಯ ಆ ಪಂದ್ಯಗಳಾಗಿ ಎರಡೇ ವಾರ. ಅಹಮದಾಬಾದಿನಲ್ಲಿ ಕಬಡ್ಡಿ ಫೈನಲ್. ದಬಂಗ್ ದೆಲ್ಲಿಯ ನವೀನ್ ಕುಮಾರ್ 18 ಅಂಕ ತಂದರೂ ಸೋತರು. ಗೆದ್ದ ಬೆಂಗಾಲ್ ವಾರಿಯರ್ಸ್‌ಗೆ ತನ್ನ ನಾಯಕ, ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯದಿಂದ ಲಭ್ಯರಿರಲಿಲ್ಲ. ಇರಾನಿನ ಮೊಹಮ್ಮದ್ ನಬಿಬಕ್ಷ್ ಮುಂದೆ ನಿಂತರು, ನಮ್ಮ ಸುಕೇಶ್ ಹೆಗ್ಡೆ ರೈಡಿಗೆ ಹೋದರು, 39–34. ಆ ತಂಡದ ಕೋಚ್ ಕರ್ನಾಟಕದ ಬಿ.ಸಿ. ರಮೇಶ್.

ರಮೇಶ್ ಅವರ ಕೈಗುಣಕ್ಕೆ ನಾನು ಮನಸೋತದ್ದು ಹತ್ತನೇ ಸೀಸನ್‌ನಲ್ಲಿ. ಆ ಹರಾಜಿನಲ್ಲಿ ತೆಲುಗು ಟೈಟನ್ಸ್ ಪವನ್ ಅವರಿಗೆ 2.605 ಕೋಟಿ ರೂಪಾಯಿ ಕೊಟ್ಟಿತು. ತಂಡವೊಂದಕ್ಕಿದ್ದ ಮಿತಿ 5 ಕೋಟಿ. ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ. ಪವನ್ ರೈಡಿನಲ್ಲಿ 200 ಅಂಕ ದಾಟಿದರು. ತಂಡ 22 ಪಂದ್ಯಗಳಲ್ಲಿ ಗೆದ್ದದ್ದು ಎರಡನ್ನು. ಅವರು ಹೊರಗೆ ಕೂತಾಗ ಒಳಗೆ ಕರೆತರುವ ಕೈಗಳು ಸಾಲಲಿಲ್ಲ. ರಮೇಶ್ ಕೋಚ್ ಆಗಿದ್ದ ಪುಣೇರಿ ಪಲ್ಟನ್ ಕೂಡ ಇರಾನಿನ ಮೊಹಮ್ಮದ್ ರೆಜಾ ಚಿಯಾನೆ ಅವರಿಗೆ 2.35 ಕೋಟಿ ಕೊಟ್ಟಿತ್ತು. ಆದರೆ ಅವರ ಸುತ್ತ ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಸಂಕೇತ್ ಸಾವಂತ್ ಇದ್ದರು. ತಂಡ ಕೈಬಿಡದೆ ಉಳಿಸಿಕೊಂಡು ಬೆಳೆಸಿದ ಹುಡುಗರು. ದೊಡ್ಡ ದುಡ್ಡು ಕೊಟ್ಟು ಕೊಂಡದ್ದು ಒಬ್ಬನನ್ನು. ಹೊಂದಾಣಿಕೆ ಮೊದಲೇ ಮನೆಯಲ್ಲಿತ್ತು. 22ರಲ್ಲಿ 17 ಗೆಲುವು, 2024ರ ಮಾರ್ಚ್ 1ರಂದು ಕಪ್.

ಮರು ಸೀಸನ್‌ನಲ್ಲಿ ಪರದೀಪ್ ಬೆಂಗಳೂರಿಗೆ ಮರಳಿದರು. ಆದರೂ ಬುಲ್ಸ್ ಕೊನೆಯ ಸ್ಥಾನಕ್ಕೆ ಕುಸಿಯಿತು. 2025ರಲ್ಲಿ ರಮೇಶ್ ಕೋಚ್ ಆಗಿ ಬಂದರು, ತಂಡ ಪ್ಲೇಆಫ್ ತಲುಪಿತು. ಕಪ್ ಇನ್ನೂ ದೂರವೇ. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಈಗ ಮೂಲೆಯವರ ಹೆಸರು ಮೊದಲು ಬರುತ್ತದೆ, ಕವರ್ ಆಮೇಲೆ, ರೈಡರ್ ಕೊನೆಗೆ. ಡೊಂಬಿವಲಿಯ ಹುಡುಗರು ಯಾರ ಹಾಗೆ ಆಡಬೇಕೆಂದು ಕೇಳಿದರೆ ಪವನ್ ಹೆಸರನ್ನು ಖಂಡಿತ ಹೇಳುತ್ತೇನೆ. ಜೊತೆಗೆ ಇನ್ನೊಂದು ಮಾತು: ಪವನ್ ಕೂತಾಗ ಎದುರಾಳಿಯ ಪಾದ ಹಿಡಿಯುವವನೂ ಬೇಕು, ಆ ಕೆಲಸಕ್ಕೆ ಯಾರಾದರೂ ಕೈ ಎತ್ತಿ. ಮೊದಲು ಕೈ ಎತ್ತಿದವನಿಂದಲೇ ನಾನು ತಂಡ ಕಟ್ಟಲು ಶುರುಮಾಡುತ್ತೇನೆ.