ಒಂದುಗಳನ್ನು ಎಣಿಸುತ್ತಿದ್ದ ಕಾಲ

ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಸಿ ಪ್ರೋಗ್ರಾಮಿಂಗ್ ಕೆಲಸದ ಇಂಟರ್‌ವ್ಯೂಗೆ ಹೋದರೆ ಈ ಪ್ರಶ್ನೆ ತಪ್ಪುತ್ತಿರಲಿಲ್ಲ: ‘ಈ ಪೂರ್ಣಾಂಕದಲ್ಲಿ ಎಷ್ಟು ಬಿಟ್‌ಗಳು ಒಂದಾಗಿವೆ, ಎಣಿಸಿ.’ ಒಂದೊಂದೇ ಬಿಟ್ ಸರಿಸುತ್ತ 32 ಸುತ್ತು ಹೊಡೆಸಿದರೆ, ‘ಇಷ್ಟೇನಾ?’ ಎಂದು ಕೆಣಕುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಕರ್ನಿಹನ್–ರಿಚಿ ಪುಸ್ತಕದ ಎರಡನೇ ಆವೃತ್ತಿಯ 2-9ನೇ ಅಭ್ಯಾಸದ ಉಪಾಯ. ಸಂಖ್ಯೆಯಿಂದ ಒಂದು ಕಳೆದು, ಬಂದದ್ದನ್ನು ಮೂಲದ ಜೊತೆ ಆಂಡ್ ಮಾಡಿದರೆ ಬಲತುದಿಯ ಒಂದು ಅಳಿಸಿಹೋಗುತ್ತದೆ. 44 ಎಂದರೆ 101100. ಅದನ್ನು 43ರೊಂದಿಗೆ ಆಂಡ್ ಮಾಡಿದರೆ 40. 40ನ್ನು 39ರೊಂದಿಗೆ ಮಾಡಿದರೆ 32. 32ನ್ನು 31ರೊಂದಿಗೆ ಮಾಡಿದರೆ ಸೊನ್ನೆ. ಮೂರೇ ಸುತ್ತು! ಇದು ಕರ್ನಿಹನ್ ಉಪಾಯವೆಂದೇ ನಾವೆಲ್ಲ ಹೇಳಿಕೊಂಡು ತಿರುಗುತ್ತಿದ್ದೆವು. ಪೀಟರ್ ವೆಗ್ನರ್ 1960ರಲ್ಲೇ ಅದನ್ನು ಪ್ರಕಟಿಸಿದ್ದರು.

ಕೆಲಸಕ್ಕೆ ಸೇರಿದ ಮೇಲೆ ಬೇರೆಯೇ ಲೆಕ್ಕಾಚಾರ. ನಮ್ಮ ಬೋರ್ಡಿನಲ್ಲಿದ್ದದ್ದು 8051 ಚಿಪ್. ಪ್ರೋಗ್ರಾಮಿಗೆಂದು ಅದರೊಳಗೆ ಇದ್ದ ಜಾಗ 4 ಕೆಬಿ. ಎಷ್ಟು ಅಲಾರಂ ಲೈನುಗಳು ಆನ್ ಆಗಿವೆ ಎಂದು ತಿಳಿಯಬೇಕಿತ್ತು. 256 ಉತ್ತರಗಳನ್ನೂ ಮೊದಲೇ ಬರೆದಿಟ್ಟ ಟೇಬಲ್ ಹಾಕೋಣವೆಂದರೆ ಹದಿನಾರನೇ ಒಂದು ಪಾಲು ಜಾಗ ಅದಕ್ಕೇ ಹೋಗುತ್ತದೆ. ಟೀಮಿನ ಹಿರಿಯರು ಸುತರಾಂ ಒಪ್ಪಲಿಲ್ಲ. ಬೈಟನ್ನು ಎರಡು ನಿಬಲ್ ಮಾಡಿ, 16 ಉತ್ತರಗಳ ಟೇಬಲಿನಲ್ಲಿ ಎರಡು ಸಲ ನೋಡಿ ಕೂಡಿದೆವು. ತಮಾಷೆಯೆಂದರೆ, ಅಕ್ಯುಮುಲೇಟರಿನಲ್ಲಿರುವ ಒಂದುಗಳು ಸಮವೋ ಬೆಸವೋ ಎಂಬುದನ್ನು ಆ ಚಿಪ್ ತನ್ನಷ್ಟಕ್ಕೆ ಪ್ಯಾರಿಟಿ ಫ್ಲ್ಯಾಗಿನಲ್ಲಿ ಹೇಳಿಬಿಡುತ್ತಿತ್ತು. ಎಷ್ಟು ಎಂದು ಕೇಳಿದರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಸರ್ವರ್ ಕೆಲಸಕ್ಕೆ ಬಂದಾಗ 256ರ ಟೇಬಲ್ ಒಂದು ಖರ್ಚೇ ಅಲ್ಲ. ಆದರೂ ಜಾಣರು ಟೇಬಲ್ ಬಿಟ್ಟು 0x55555555, 0x33333333 ಎಂಬ ಮಾಸ್ಕ್‌ಗಳನ್ನು ಹಾಕಿ, ಮೊದಲು ಎರಡೆರಡು ಬಿಟ್, ಆಮೇಲೆ ನಾಲ್ಕು ನಾಲ್ಕು ಎಂದು ಲೂಪೇ ಇಲ್ಲದೆ ಕೂಡುತ್ತಿದ್ದರು. ಓದಲು ತಲೆನೋವು, ನನಗಂತೂ ವೆಗ್ನರ್ ಲೂಪೇ ಚೆಂದ.

2008ರಲ್ಲಿ ಇಂಟೆಲ್‌ನ ನೆಹಾಲೆಮ್ ಬಂತು, ಅದರೊಂದಿಗೆ ಒಂದುಗಳನ್ನು ತಾನೇ ಎಣಿಸಿಕೊಡುವ ಪಾಪ್‌ಕೌಂಟ್ ಇನ್‌ಸ್ಟ್ರಕ್ಷನ್. ಸಿಡಿಸಿ 6600 ಸೂಪರ್‌ಕಂಪ್ಯೂಟರಿನಲ್ಲಿ 1964ರಲ್ಲೇ ಇಂಥದ್ದಿತ್ತು. ಮೇಲಿನ ಪಂಕ್ತಿಯ ಊಟ ನಮ್ಮ ಎಲೆಗೆ ಬರಲು ಅಷ್ಟು ವರ್ಷ ಹಿಡಿಯಿತು. ಬಂದರೂ ಕೆಲವು ಕಾಲ ಎರಡೂ ಬಗೆಯ ಕೋಡ್ ಇಟ್ಟುಕೊಂಡೇ ಇದ್ದೆವು. ಗ್ರಾಹಕರ ಹಳೇ ಮೆಷಿನಿನಲ್ಲಿ ಆ ಇನ್‌ಸ್ಟ್ರಕ್ಷನ್ ಸಿಕ್ಕಿದ ತಕ್ಷಣ ಪ್ರೋಗ್ರಾಂ ಕುಸಿದುಬೀಳುತ್ತಿತ್ತು.

ಈಗ ಪ್ರೊಸೆಸರ್ ಯಾವುದೆಂದು ತಿಳಿಸಿ, ಅದೇ ವೆಗ್ನರ್ ಲೂಪನ್ನು ಕ್ಲ್ಯಾಂಗ್ ಕಂಪೈಲರಿಗೆ ಕೊಟ್ಟು ಅಸೆಂಬ್ಲಿ ತೆರೆದರೆ ಲೂಪೇ ಕಾಣುವುದಿಲ್ಲ, ಅದರ ಜಾಗದಲ್ಲಿ ಒಂದು ಪಾಪ್‌ಕೌಂಟ್. ಕಾರ್ಟೆಕ್ಸ್-ಎಂ0ಯಂಥ ಸಣ್ಣ ಚಿಪ್‌ಗಳಲ್ಲಿ ಆ ಸೌಲಭ್ಯ ಇಂದಿಗೂ ಇಲ್ಲ. ಅವುಗಳಿಗೆ ಕೋಡ್ ಬರೆಯುವ ಹುಡುಗರು ನಿಬಲ್ ಟೇಬಲ್ ಕೇಳಿಕೊಂಡು ಬಂದರೆ, ನನ್ನ ಹತ್ತಿರ ಇದೆ.