ಕಲ್ಲಿದ್ದಲ ಕಣಿವೆಯ ಶನಿವಾರದ ಆಟ

ನ್ಯೂಯಾರ್ಕ್ ಮಹಾನಗರದಿಂದ ಪಶ್ಚಿಮಾಭಿಮುಖವಾಗಿ ಹೊರಟು, ಪೋಕೊನೊ ಬೆಟ್ಟಗಳನ್ನು ಹತ್ತಿ ಇಳಿದರೆ, ಸುಮಾರು ಇನ್ನೂರು ಕಿಲೋಮೀಟರುಗಳ ಪ್ರಯಾಣದ ಕೊನೆಗೆ ಸಸ್ಕ್ವಹಾನಾ ನದಿಯ ಕಣಿವೆ ಕಣ್ಣೆದುರು ತೆರೆದುಕೊಳ್ಳುತ್ತದೆ. ಪೆನ್ಸಿಲ್ವೇನಿಯ ಸಂಸ್ಥಾನದ ಈಶಾನ್ಯದ ಮೂಲೆ ಅದು. ನದಿ ಅಗಲವಾಗಿದೆ, ಅವಸರವಿಲ್ಲದೆ ಹರಿಯುತ್ತದೆ. ದಡದ ಊರುಗಳಲ್ಲಿ ಇಗರ್ಜಿಗಳು ಬಹಳ. ಐರಿಷರದೊಂದು, ಪೋಲಿಷರದೊಂದು, ಇಟಲಿಯವರದೊಂದು, ಈರುಳ್ಳಿಯಾಕಾರದ ಗುಮ್ಮಟ ಹೊತ್ತ ಸ್ಲಾವ್ ಜನರದೊಂದು. ಗಣಿಯ ಕೂಲಿಗೆಂದು ಯಾವ ಯಾವ ದೇಶದ ಜನ ಬಂದರೋ ಅವರೆಲ್ಲರೂ ತಮ್ಮ ದೇವರನ್ನೂ ಜೊತೆಗೆ ಕರೆತಂದರು. ಈ ಶಿಖರಗಳ ನಡುವೆ ಅಲ್ಲಲ್ಲಿ ಕರಿಯ ಗುಡ್ಡಗಳು ಕಾಣುತ್ತವೆ. ಹೊಸಬರು ಅವನ್ನು ನಿಸರ್ಗದ ಕೃತಿಯೆಂದೇ ಭಾವಿಸುವುದುಂಟು. ಅವು ನೂರು ವರ್ಷಗಳಿಗೂ ಮಿಗಿಲಾಗಿ ನೆಲದೊಡಲಿನಿಂದ ಕಲ್ಲಿದ್ದಲು ತೆಗೆದವರು ಹೊರಗೆ ಸುರಿದ ಕಸ. ಇದ್ದಲು ಹೋಯಿತು, ಕಸ ಉಳಿಯಿತು. ಈಗ ಅದರ ಮೇಲೆ ಬರ್ಚ್ ಮರಗಳು ಬೆಳೆದಿವೆ.

ಕಣಿವೆಯ ಮುಖ್ಯ ಪಟ್ಟಣ ವಿಲ್ಕ್ಸ್‌ಬ್ಯಾರಿ. ಅಮೆರಿಕದ ವಸಾಹತುಗಳ ಪರವಾಗಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ದನಿಯೆತ್ತಿದ ಜಾನ್ ವಿಲ್ಕ್ಸ್ ಮತ್ತು ಐಸಾಕ್ ಬ್ಯಾರೆ ಎಂಬಿಬ್ಬರ ಹೆಸರುಗಳನ್ನು ಜೋಡಿಸಿ ಇಟ್ಟ ಹೆಸರು. ಅದನ್ನು ಉಚ್ಚರಿಸುವ ರೀತಿಯಲ್ಲಿ ಮಾತ್ರ ಊರಿನವರಲ್ಲಿಯೇ ಒಮ್ಮತವಿಲ್ಲ. ಪಟ್ಟಣದಿಂದ ನದಿಯನ್ನು ದಾಟಲು 1929ರಲ್ಲಿ ತೆರೆದ ಸೇತುವೆಯೊಂದಿದೆ. ಅದರ ಕಂಬಗಳ ಮೇಲೆ ಕಲ್ಲಿನ ಹದ್ದುಗಳು ಕುಳಿತಿವೆ. ಆಚೆಯ ದಡದ ಊರು ಕಿಂಗ್‌ಸ್ಟನ್. ಅಲ್ಲಿ ಫಿರಂಗಿ ದಳದ ಸಿಪಾಯಿಗಳ ಕವಾಯತಿಗಾಗಿ ಕಟ್ಟಿದ ಆರ್ಮರಿ ಎಂಬ ದೊಡ್ಡ ಕಟ್ಟಡವುಂಟು. ಯಾತ್ರಿಕರು ಅದನ್ನು ನೋಡದೆ ಮುಂದೆ ಹೋಗುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅದು ಸುಂದರವಾದ ಕಟ್ಟಡವಲ್ಲ. ಒಳಗೆ ಏನಿದ್ದಿತೆಂದು ಹೇಳುವವರೂ ಈಗ ವಿರಳ.

ಅದರೊಳಗೆ ಒಂದು ಕಾಲದಲ್ಲಿ ವಾರಾಂತ್ಯದ ಇರುಳಿನಲ್ಲಿ ಬ್ಯಾಸ್ಕೆಟ್‌ಬಾಲ್ ನಡೆಯುತ್ತಿದ್ದಿತು. ಕಾಲೇಜು ಹುಡುಗರ ಆಟವಲ್ಲ. ಹಣಕ್ಕೆ ಆಡುವವರ ಆಟ. 1946ರ ಏಪ್ರಿಲಿನಲ್ಲಿ ಈ ಗಣಿಯೂರುಗಳ ಜನ ಸೇರಿ ಒಂದು ಲೀಗನ್ನು ಸ್ಥಾಪಿಸಿದರು. ಇಂದು ಜಗತ್ಪ್ರಸಿದ್ಧವಾಗಿರುವ ಎನ್.ಬಿ.ಎ. ಎಂಬ ಮಹಾ ಲೀಗು ಬೇರೊಂದು ಹೆಸರಿನಿಂದ ಜನ್ಮ ತಾಳಿದ್ದು ಅದೇ ವರ್ಷದ ಜೂನ್ ತಿಂಗಳಲ್ಲಿ. ಹೀಗಾಗಿ ಈ ಬಡ ಲೀಗೇ ಕೆಲವು ವಾರಗಳ ಮಟ್ಟಿಗೆ ಹಿರಿಯದು. ಜಗತ್ತಿನ ಅತ್ಯಂತ ಹಳೆಯ ವೃತ್ತಿಪರ ಲೀಗು ತಮ್ಮದೆಂದು ಅವರು ಕೊನೆಯವರೆಗೂ ಹೇಳಿಕೊಂಡರು. ವಿಲ್ಕ್ಸ್‌ಬ್ಯಾರಿಯ ತಂಡಕ್ಕೆ ಬ್ಯಾರನ್ಸ್ ಎಂದು ಹೆಸರು. ಮೊದಲನೆಯ ವರ್ಷದ ಪ್ರಶಸ್ತಿ ಅದರದೇ. ಹೇಜಲ್‌ಟನ್, ಸ್ಕ್ರಾಂಟನ್, ಪಾಟ್ಸ್‌ವಿಲ್, ಸನ್‌ಬರಿ, ವಿಲಿಯಮ್ಸ್‌ಪೋರ್ಟ್, ಅಲೆನ್‌ಟೌನ್ ಮೊದಲಾದ ಊರುಗಳು ಪ್ರತಿಸ್ಪರ್ಧಿಗಳು.

ಆಟಗಾರರಲ್ಲಿ ಬಹುಮಂದಿ ಆ ಊರುಗಳವರಲ್ಲ. ಅವರು ಉಪಾಧ್ಯಾಯರು, ಕಾರಖಾನೆಯ ಕೆಲಸಗಾರರು, ವಿಮೆ ಮಾರುವವರು. ನ್ಯೂಯಾರ್ಕ್ ಇಲ್ಲವೆ ಫಿಲಡೆಲ್ಫಿಯದ ನಿವಾಸಿಗಳು. ಸೋಮವಾರದಿಂದ ಶುಕ್ರವಾರದವರೆಗೆ ಅವರಿಗೆ ಬೇರೆ ಜೀವನ. ಶನಿವಾರ ಮಧ್ಯಾಹ್ನ ಒಂದು ಮೋಟಾರಿನಲ್ಲಿ ನಾಲ್ಕೈದು ಮಂದಿ ಆಜಾನುಬಾಹುಗಳು ಮೊಣಕಾಲು ಮಡಿಸಿಕೊಂಡು ಕುಳಿತು, ಹಿಮ ಬಿದ್ದ ಬೆಟ್ಟದ ಹಾದಿಯಲ್ಲಿ ಹೊರಡಬೇಕು. ಆ ರಾತ್ರಿ ಒಂದೂರಿನಲ್ಲಿ ಆಟ, ಭಾನುವಾರ ಇನ್ನೊಂದೂರಿನಲ್ಲಿ. ಸೋಮವಾರ ಬೆಳಗಿನೊಳಗೆ ಮತ್ತೆ ಕೆಲಸದ ಜಾಗ. ದೊರೆಯುತ್ತಿದ್ದುದು ಪಂದ್ಯವೊಂದಕ್ಕೆ ಕೆಲವು ಹತ್ತು ಡಾಲರುಗಳು ಮಾತ್ರ.

ಇಷ್ಟಕ್ಕಾಗಿ ಇಷ್ಟು ದೂರವೇಕೆ ಎಂದು ಕೇಳುವವರು ಅಂದಿನ ಲೆಕ್ಕವನ್ನು ನೋಡಬೇಕು. 1955ರಿಂದ 1961ರವರೆಗೆ ಎನ್.ಬಿ.ಎ.ಯಲ್ಲಿದ್ದುದು ಎಂಟೇ ತಂಡಗಳು. ತಂಡಕ್ಕೆ ಹತ್ತು ಹನ್ನೊಂದು ಜನರೆಂದರೆ ಇಡೀ ಅಮೆರಿಕಕ್ಕೆ ನೂರು ಸ್ಥಾನಗಳೂ ಇರಲಿಲ್ಲ. ಕಪ್ಪು ಜನಾಂಗದವರಿಗಂತೂ ಬಾಗಿಲು 1950ರಲ್ಲಿ ತೆರೆದದ್ದು ಬರಿಯ ಓರೆಯಾಗಿ. ತಂಡವೊಂದಕ್ಕೆ ಇಂತಿಷ್ಟೇ ಮಂದಿ ಎಂಬ ಬರೆಯದ ಕಟ್ಟಳೆ ಇದ್ದಿತೆಂದು ಆ ಕಾಲದ ಆಟಗಾರರು ಮುಂದೆ ಹೇಳಿದ್ದಾರೆ. ಗಣಿಯೂರುಗಳು ಆ ಕಟ್ಟಳೆಯನ್ನು ಲೆಕ್ಕಿಸಲಿಲ್ಲ. ಹೇಜಲ್‌ಟನ್ ಊರಿನ ತಂಡದಲ್ಲಿ 1946-47ರಷ್ಟು ಹಿಂದೆಯೇ ಮೂವರು ಕಪ್ಪು ಆಟಗಾರರಿದ್ದರು. 1955-56ರಲ್ಲಿ ಅದೇ ಊರು ಕಣಕ್ಕಿಳಿಸಿದ ಮೊದಲ ಐವರೂ ಕಪ್ಪು ಜನಾಂಗದವರು. ಇದನ್ನು ಔದಾರ್ಯವೆಂದೇ ಕರೆಯಬೇಕಾಗಿಲ್ಲ. ಗೆಲ್ಲಬೇಕಾಗಿದ್ದಿತು, ಗೆಲ್ಲಿಸುವವರು ಕಡಮೆ ದುಡ್ಡಿಗೆ ದೊರೆಯುತ್ತಿದ್ದರು. ಆದರೂ ಬೇರೆಡೆಗಳಲ್ಲಿ ಗೆಲ್ಲುವ ಆಸೆಗಿಂತಲೂ ಬಣ್ಣದ ಭೇದವೇ ಬಲವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತೂ ಅಲ್ಲ.

ಹಾಲ್ ಲಿಯರ್ ಎಂಬಾತ ಫಿಲಡೆಲ್ಫಿಯದ ಟೆಂಪಲ್ ವಿಶ್ವವಿದ್ಯಾಲಯದ ತರುಣ. 1956ರ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯ ಅಂತಿಮ ಘಟ್ಟದಲ್ಲಿ ಒಂದೇ ಪಂದ್ಯದಲ್ಲಿ 48 ಅಂಕಗಳನ್ನು ಗಳಿಸಿ, ತನ್ನ ತಂಡ ಮೂರನೆಯ ಸ್ಥಾನದಲ್ಲಿ ನಿಂತರೂ ಸರ್ವಶ್ರೇಷ್ಠ ಆಟಗಾರನೆನಿಸಿದ. ಅವನಿಗೆ ಎನ್.ಬಿ.ಎ.ಯಲ್ಲಿ ಆಡಲು ದೊರೆತದ್ದು ಮೂರೇ ಪಂದ್ಯಗಳು. ಉಳಿದ ಆಯಸ್ಸು ಬಹುಪಾಲು ಈ ವಾರಾಂತ್ಯದ ಲೀಗಿನಲ್ಲಿ ಕಳೆಯಿತು.

ಬಾಗಿಲು ಮುಚ್ಚಿದ್ದುದು ಇಂಥವರಿಗೆ ಮಾತ್ರವಲ್ಲ. ಬಿಲ್ ಸ್ಪೈವಿಯ ಕಥೆ ಬೇರೆಯೇ ಬಗೆಯದು. ಸ್ಪೈವಿ ಬಿಳಿಯ; ಫ್ಲಾರಿಡದಲ್ಲಿ 1929ರಲ್ಲಿ ಹುಟ್ಟಿದವನು; ಏಳಡಿ ಎತ್ತರದ ಆಳು. ಆ ಎತ್ತರದವರಲ್ಲಿ ಸಾಮಾನ್ಯವಾಗಿ ಕಾಣದ ಚುರುಕು ಅವನ ಕಾಲುಗಳಲ್ಲಿದ್ದಿತು. ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಅಡಾಲ್ಫ್ ರಪ್ ಎಂಬ ಖ್ಯಾತ ಶಿಕ್ಷಕನ ಕೈಕೆಳಗೆ ಪಳಗಿ, 1951ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಕ್ಯಾನ್ಸಸ್ ಸ್ಟೇಟ್ ತಂಡದ ವಿರುದ್ಧ 22 ಅಂಕಗಳನ್ನು ಗಳಿಸಿ ಕೆಂಟಕಿಗೆ ಕಿರೀಟ ತಂದುಕೊಟ್ಟ. ಮುಂದಿನ ವರ್ಷಗಳು ಅವನವೇ ಎಂದು ಎಲ್ಲರೂ ನಂಬಿದ್ದರು.

ಅದೇ ವರ್ಷ ಜೂಜಿನ ಹಗರಣ ಸ್ಫೋಟಿಸಿತು. ಜೂಜುಕೋರರಿಂದ ಲಂಚ ಪಡೆದು, ಗೆಲುವಿನ ಅಂತರವನ್ನು ಅವರಿಗೆ ಬೇಕಾದಂತೆ ಹಿಗ್ಗಿಸಿ ಕುಗ್ಗಿಸುತ್ತಿದ್ದ ಕಾಲೇಜು ಆಟಗಾರರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಕೆಂಟಕಿಯ ಕೆಲವರು ತಪ್ಪೊಪ್ಪಿಕೊಂಡರು. ಸ್ಪೈವಿಯ ಹೆಸರೂ ಹೊರಬಂದಿತು. ತಾನು ಒಂದು ಕಾಸನ್ನೂ ಮುಟ್ಟಿಲ್ಲವೆಂದು ಅವನು ಪ್ರಮಾಣ ಮಾಡಿ ಹೇಳಿದ. ಆ ಪ್ರಮಾಣವೇ ಸುಳ್ಳೆಂದು ಅವನ ಮೇಲೆ ನ್ಯೂಯಾರ್ಕಿನಲ್ಲಿ ಮೊಕದ್ದಮೆ ಹೂಡಲಾಯಿತು. 1953ರ ಜನವರಿಯಲ್ಲಿ ವಿಚಾರಣೆ ನಡೆದು, ಹನ್ನೆರಡು ಜನ ಜೂರಿಗಳಲ್ಲಿ ಒಂಬತ್ತು ಮಂದಿ ಬಿಡುಗಡೆಯ ಪರವಾಗಿ, ಮೂವರು ಶಿಕ್ಷೆಯ ಪರವಾಗಿ ನಿಂತರು. ಒಮ್ಮತ ಹುಟ್ಟಲಿಲ್ಲ. ಅನಂತರ ಸರಕಾರ ಮೊಕದ್ದಮೆಯನ್ನು ಕೈಬಿಟ್ಟಿತು.

ಕಾನೂನಿನ ಕಣ್ಣಿನಲ್ಲಿ ಅವನು ನಿರಪರಾಧಿ. ಎನ್.ಬಿ.ಎ.ಯ ಅಧ್ಯಕ್ಷ ಮಾರಿಸ್ ಪೊಡೊಲಾಫ್ ಅವರ ಕಣ್ಣಿಗೆ ಅಷ್ಟು ಸಾಲಲಿಲ್ಲ. ಸ್ಪೈವಿಗೆ ಆಜೀವ ಬಹಿಷ್ಕಾರ ವಿಧಿಸಲಾಯಿತು. ನ್ಯಾಯಾಲಯವು ವಿಧಿಸದ ಶಿಕ್ಷೆಯನ್ನು ಒಂದು ಖಾಸಗಿ ಸಂಸ್ಥೆ ವಿಧಿಸಿತು; ಅದಕ್ಕೆ ಮೇಲ್ಮನವಿಯ ಸ್ಥಾನವೂ ಇರಲಿಲ್ಲ.

ಅಂದಿನಿಂದ ಅವನ ಜೀವನ ಊರಿನಿಂದೂರಿಗೆ. ಪ್ರದರ್ಶನ ಪಂದ್ಯಗಳನ್ನಾಡುತ್ತ ದೇಶ ಸುತ್ತುವ ತಂಡಗಳಲ್ಲಿ ಕೆಲವು ಕಾಲ ಅಲೆದ. ಕೊನೆಗೆ ಅವನ ಹೆಜ್ಜೆಗಳು ಈ ಕಣಿವೆಯ ಕಡೆಗೆ ತಿರುಗಿದವು. ಬ್ಯಾರನ್ಸ್ ತಂಡದ ಉಡುಪು ತೊಟ್ಟು ಕಿಂಗ್‌ಸ್ಟನ್ನಿನ ಆರ್ಮರಿಗೆ ಬಂದ ಏಳಡಿಯ ಈ ಮನುಷ್ಯನನ್ನು ಕಣಿವೆಯವರು ವಿಚಾರಣೆಗೆ ಗುರಿಪಡಿಸಲಿಲ್ಲ. ನ್ಯೂಯಾರ್ಕಿನಲ್ಲಿ ಲಾಂಗ್ ಐಲೆಂಡ್ ವಿಶ್ವವಿದ್ಯಾಲಯದ ತಾರೆಯಾಗಿದ್ದು, ತಪ್ಪನ್ನು ಒಪ್ಪಿ ಸೆರೆಮನೆಯನ್ನೂ ಕಂಡುಬಂದಿದ್ದ ಷರ್ಮನ್ ವೈಟ್ ಇದೇ ಲೀಗಿನಲ್ಲಿ ಆಡುತ್ತಿದ್ದ. ಎನ್.ಬಿ.ಎ.ಯಲ್ಲಿದ್ದಾಗಲೇ ಜೂಜಾಡಿ 1954ರಲ್ಲಿ ಹೊರದೂಡಲ್ಪಟ್ಟ ಜ್ಯಾಕ್ ಮೊಲಿನಾಸನೂ ಆಡುತ್ತಿದ್ದ. ಈ ಮೊಲಿನಾಸ್ ಮುಂದೆ ತಾನೇ ದೊಡ್ಡ ಲಂಚದ ಜಾಲವನ್ನು ಹೆಣೆದು ಸೆರೆಮನೆಗೆ ಹೋದ. ಪಾಪಿ, ಪಶ್ಚಾತ್ತಾಪಿ, ನಿರಪರಾಧಿ ಮೂವರಿಗೂ ಒಂದೇ ಅಂಗಳ. ಉದಾರವೆನ್ನಬೇಕೋ ಅವಿವೇಕವೆನ್ನಬೇಕೋ ಹೇಳುವುದು ಕಷ್ಟ. ಆದರೆ ಸ್ಪೈವಿಯಂಥವನಿಗೆ ಬೇರೆ ಅಂಗಳವೇ ಇರಲಿಲ್ಲ.

ಅಂಗಳದ ಸುತ್ತ ಕುಳಿತು ಕೂಗುತ್ತಿದ್ದ ಜನರ ಸ್ಥಿತಿಯೂ ಬಹಳ ಬೇರೆಯಾಗಿರಲಿಲ್ಲ. ಇಲ್ಲಿಯ ಇದ್ದಲು ಆಂಥ್ರಸೈಟ್ ಎಂಬ ಗಟ್ಟಿ ಜಾತಿಯದು. ಹೊಗೆ ಕಡಮೆ, ಕಾವು ಹೆಚ್ಚು. 1917ರಲ್ಲಿ ಈ ಸೀಮೆಯ ಗಣಿಗಳು ಸುಮಾರು ಹತ್ತು ಕೋಟಿ ಟನ್ ಇದ್ದಲನ್ನು ಹೊರತೆಗೆದಿದ್ದವು. ಆಮೇಲೆ ಮನೆಗಳ ಒಲೆಗೆ ಎಣ್ಣೆ ಬಂದಿತು, ಅನಿಲ ಬಂದಿತು. ಗಣಿಗಳು ಒಂದೊಂದಾಗಿ ಮುಚ್ಚತೊಡಗಿದವು. ಗಂಡಸರಿಗೆ ಕೆಲಸ ತಪ್ಪಿತು. ಹೆಂಗಸರು ಬಟ್ಟೆ ಹೊಲಿಯುವ ಕಾರಖಾನೆಗಳಿಗೆ ಹೋಗಿ ಸಂಸಾರ ತೂಗಿಸಿದರು. ಇಂಥ ಊರುಗಳಲ್ಲಿಯೂ ಚಳಿಗಾಲದ ಇರುಳು ಟಿಕೆಟಿಗೆ ದುಡ್ಡು ಹೇಗೋ ಹೊರಡುತ್ತಿದ್ದಿತು.

1959ರ ಜನವರಿ 22ರಂದು ಕೊನೆಯ ಪೆಟ್ಟು ಬಿದ್ದಿತು. ವಿಲ್ಕ್ಸ್‌ಬ್ಯಾರಿಗೆ ಕೆಲವೇ ಮೈಲಿ ದೂರದ ಪೋರ್ಟ್ ಗ್ರಿಫಿತ್ ಎಂಬಲ್ಲಿ ನಾಕ್ಸ್ ಕಂಪೆನಿಯವರು ನಿಯಮವನ್ನು ಮೀರಿ ನದಿಯ ತಳದಲ್ಲಿಯೇ ಇದ್ದಲು ಅಗೆಯುತ್ತಿದ್ದರು. ಆ ದಿನ ತುಂಬಿ ಹರಿಯುತ್ತಿದ್ದ ಸಸ್ಕ್ವಹಾನಾ ಗಣಿಯ ಸೂರನ್ನು ಒಡೆದು ಒಳನುಗ್ಗಿತು. ಒಳಗಿದ್ದವರು 81 ಮಂದಿ. ಅಮೆಡಿಯೊ ಪ್ಯಾಂಕೋಟಿ ಎಂಬಾತ ಪಾಳುಬಿದ್ದ ಗಾಳಿಬಾವಿಯೊಂದರ ಗೋಡೆಯನ್ನು ಬರಿಗೈಯಿಂದ ಹತ್ತಿ ಮೇಲೆ ಬಂದು ಸುದ್ದಿ ಮುಟ್ಟಿಸಿದ. ಅವನಿಂದ ಎಷ್ಟೋ ಜನ ಬದುಕಿದರು. ಹನ್ನೆರಡು ಮಂದಿ ಹಿಂದಿರುಗಲಿಲ್ಲ. ಅವರ ದೇಹಗಳೂ ದೊರೆಯಲಿಲ್ಲ. ನದಿಯ ಸುಳಿಯನ್ನು ಮುಚ್ಚಲು ರೈಲಿನ ವ್ಯಾಗನ್ನುಗಳನ್ನೇ ಇಡಿಯಾಗಿ ತಳ್ಳಬೇಕಾಯಿತು. ಒಂದಕ್ಕೊಂದು ಸುರಂಗಗಳಿಂದ ಕೂಡಿಕೊಂಡಿದ್ದ ನೆರೆಯ ಗಣಿಗಳೂ ನೀರು ತುಂಬಿ ಹಾಳಾದವು. ಕಣಿವೆಯ ಆಳದ ಗಣಿಗಾರಿಕೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಆ ವರ್ಷದ ಪ್ರಶಸ್ತಿಯನ್ನು ಗೆದ್ದದ್ದು ವಿಲ್ಕ್ಸ್‌ಬ್ಯಾರಿ ಬ್ಯಾರನ್ಸ್.

ಸ್ಪೈವಿ ಸುಮ್ಮನೆ ಕೂಡಲಿಲ್ಲ. ತನ್ನ ಹೊಟ್ಟೆಪಾಡನ್ನು ಕಸಿದುಕೊಂಡಿತೆಂದು ಎನ್.ಬಿ.ಎ.ಯ ಮೇಲೆ 8,20,000 ಡಾಲರುಗಳ ದಾವೆ ಹೂಡಿದ. ವ್ಯಾಜ್ಯ 1960ರಲ್ಲಿ ನ್ಯಾಯಾಲಯದ ಹೊರಗೆ ಬಗೆಹರಿದು ಕೈಗೆ ಬಂದದ್ದು 10,000 ಡಾಲರು. ಬಹಿಷ್ಕಾರ ಹಾಗೆಯೇ ಉಳಿಯಿತು. 1961ರಲ್ಲಿ ಏಬ್ ಸ್ಯಾಪರ್‌ಸ್ಟೀನ್ ಎಂಬ ಸಾಹಸಿ ಹೊಸದೊಂದು ಲೀಗನ್ನು ತೆರೆದಾಗ ಅವನು ಹವಾಯಿ ದ್ವೀಪಗಳ ತಂಡದ ಪರವಾಗಿ ಆಡಿದ. ಆ ತಂಡ ಮರುವರ್ಷ ಕ್ಯಾಲಿಫೋರ್ನಿಯದ ಲಾಂಗ್ ಬೀಚಿಗೆ ಗುಳೆ ಹೋಯಿತು. 1962ರ ಡಿಸೆಂಬರ್ ಕೊನೆಗೆ ಲೀಗೇ ದಿವಾಳಿಯೆದ್ದಿತು. ಸಾಗರ ದಾಟಿ ಹೋಗಿದ್ದ ಸ್ಪೈವಿ ಮತ್ತೆ ಇದೇ ಸೀಮೆಗೆ ಹಿಂದಿರುಗಿದ. ಈ ಬಾರಿ ಹದಿನೆಂಟು ಮೈಲಿ ಉತ್ತರದ ಸ್ಕ್ರಾಂಟನ್ ಊರಿನ ತಂಡಕ್ಕೆ. ಆ ತಂಡದ ಹೆಸರು ಮೈನರ್ಸ್, ಎಂದರೆ ಗಣಿಗಾರರು.

ಎಲ್ಲರ ಕಥೆಯೂ ಅವನದರಂತೆ ಇರಲಿಲ್ಲವೆಂಬುದನ್ನೂ ಹೇಳಬೇಕು. ಪಾಲ್ ಅರಿಜಿನ್ ಎನ್.ಬಿ.ಎ.ಯ ಅಗ್ರಗಣ್ಯರಲ್ಲೊಬ್ಬ. 1962ರಲ್ಲಿ ಅವನ ಫಿಲಡೆಲ್ಫಿಯ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಾಗ ಅವನು ಹೋಗಲೊಪ್ಪಲಿಲ್ಲ. ಐ.ಬಿ.ಎಂ. ಕಂಪೆನಿಯಲ್ಲಿ ಉದ್ಯೋಗವಿದ್ದಿತು, ಮನೆಮಾರು ಇದ್ದವು; ಹಗಲು ಕೆಲಸ ಮಾಡಿಕೊಂಡು ವಾರಾಂತ್ಯದಲ್ಲಿ ಈ ಲೀಗಿನ ಕ್ಯಾಮ್‌ಡೆನ್ ತಂಡಕ್ಕೆ ಆಡಿದ. 1965ರಲ್ಲಿ ಟ್ರೆಂಟನ್ನಿನ ತಂಡ ಸೇರಿದ ಬಾಬ್ ಲವ್ ಇಲ್ಲಿಂದ ಮೇಲೇರಿ ಷಿಕಾಗೋ ಬುಲ್ಸ್ ತಂಡದ ತಾರೆಯಾದ. ದೂರದಿಂದ ಎಸೆದ ಚೆಂಡಿಗೆ ಮೂರು ಅಂಕ ಕೊಡುವ ನಿಯಮ ಇಂದಿನ ಆಟದ ಜೀವಾಳ. ಸ್ಯಾಪರ್‌ಸ್ಟೀನ್ ಆರಂಭಿಸಿದ ಆ ಪದ್ಧತಿಯನ್ನು ಈ ಲೀಗು 1960ರ ದಶಕದಲ್ಲಿಯೇ ಎತ್ತಿಕೊಂಡಿತು, ಎನ್.ಬಿ.ಎ. ಒಪ್ಪಿದ್ದು 1979ರಲ್ಲಿ.

ಸ್ಪೈವಿ 1968ರ ವೇಳೆಗೆ ಆಟ ನಿಲ್ಲಿಸಿದ. ಹದಿನಾರು ವರ್ಷಗಳಷ್ಟು ಕಾಲ ಕಿರಿಯ ಲೀಗುಗಳಲ್ಲಿ ಕಳೆದಿದ್ದವು. ಮರುವರ್ಷವೇ, ಅಂಥದೇ ಆಪಾದನೆಯಿಂದ ಹೊರಗಿಡಲ್ಪಟ್ಟಿದ್ದ ಕಾನಿ ಹಾಕಿನ್ಸ್ ಎಂಬ ತರುಣ ಎನ್.ಬಿ.ಎ.ಯೊಡನೆ ವ್ಯಾಜ್ಯವಾಡಿ, ಹತ್ತು ಲಕ್ಷ ಡಾಲರುಗಳ ಆಸುಪಾಸಿನ ಪರಿಹಾರವನ್ನೂ ಫೀನಿಕ್ಸ್ ತಂಡದಲ್ಲಿ ಸ್ಥಾನವನ್ನೂ ಪಡೆದ. ಆಗ ಹಾಕಿನ್ಸನಿಗೆ ಇಪ್ಪತ್ತೇಳು ವರ್ಷ, ಸ್ಪೈವಿಗೆ ನಲವತ್ತು.

ಎನ್.ಬಿ.ಎ.ಯಲ್ಲಿ ತಂಡಗಳು ಹೆಚ್ಚಿದಂತೆ ಗಣಿಯೂರುಗಳ ಲೀಗು ಸೊರಗಿತು. 1972ರ ಜೂನಿನಲ್ಲಿ ಬಂದ ಮಹಾಪೂರ ವಿಲ್ಕ್ಸ್‌ಬ್ಯಾರಿ ಕಿಂಗ್‌ಸ್ಟನ್‌ಗಳನ್ನು ಮುಳುಗಿಸಿತು. ಅದರ ಮರುವರ್ಷ ಬ್ಯಾರನ್ಸ್ ಮತ್ತೊಮ್ಮೆ ಗೆದ್ದರು. 1978ರಲ್ಲಿ ಎಂಟನೆಯ ಹಾಗೂ ಕೊನೆಯ ಬಾರಿ. ಆ ವರ್ಷವೇ ಲೀಗು ಹೆಸರು ಬದಲಾಯಿಸಿಕೊಂಡು, ದೂರದ ಅಲಾಸ್ಕದವರೆಗೂ ಚಾಚಿದ್ದ ತಂಡಗಳೊಡನೆ ಬೇರೊಂದು ಸಂಸ್ಥೆಯಾಗಿ ಮುಂದುವರಿದು, 2009ರಲ್ಲಿ ಕಣ್ಮುಚ್ಚಿತು.

ಬಿಲ್ ಸ್ಪೈವಿ ಕೆಂಟಕಿಯಲ್ಲಿ ವಿಮೆಯ ವ್ಯಾಪಾರ ಮಾಡಿದ, ಹೋಟೆಲು ನಡೆಸಿದ. ಕೊನೆಯ ವರ್ಷಗಳಲ್ಲಿ ಕೋಸ್ಟ ರೀಕಕ್ಕೆ ಹೋಗಿ ನೆಲಸಿ, 1995ರ ಮೇ ತಿಂಗಳಿನಲ್ಲಿ ಅಲ್ಲಿಯೇ ತೀರಿಕೊಂಡ. ಅವನಿಗೆ ಅರುವತ್ತಾರು ವರ್ಷ ವಯಸ್ಸಾಗಿದ್ದಿತು. ತಾನು ತಪ್ಪು ಮಾಡಲಿಲ್ಲವೆಂದು 1951ರಲ್ಲಿ ಆಡಿದ ಮಾತನ್ನು ಅವನು ಕೊನೆಯವರೆಗೂ ಬದಲಾಯಿಸಲಿಲ್ಲ.